ಹಳೇ ಗಿರಾಕಿಗಳಿಗೆ ರೇಟ್ ಜಾಸ್ತಿ ಮಾಡಬೇಕು, ಬಾಯೇ ಬರುತ್ತಿಲ್ಲ

ನೀರು_ಫಿಲ್ಟರ್_ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ಆರ್‌ಒ ಫಿಲ್ಟರ್ ಸರ್ವಿಸ್ ಮಾಡುತ್ತೇನೆ. 2017ರಲ್ಲಿ ಒಂದು ಬ್ಯಾಗು, ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಇಟ್ಟುಕೊಂಡು ಶುರು ಮಾಡಿದೆ. ಈಗ ವರ್ಷದ ಎಎಂಸಿ (ವರ್ಷಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಮಾಡಿಕೊಳ್ಳುವ ಸರ್ವಿಸ್ ಒಪ್ಪಂದ) ಮನೆಗಳೇ 150 ಇವೆ, ಜೊತೆಗೆ ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ನಮ್ಮ ಕಡೆ ಬೋರ್ ನೀರು ನಿಮಗೆ ಗೊತ್ತಲ್ಲ, ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ 1,200 ತೋರಿಸುವ ಮನೆಗಳೂ ಇವೆ, ಕೆಸರು ತಡೆಯುವ ಹೊರಗಿನ ಕ್ಯಾಂಡಲ್ ಮೂರು ತಿಂಗಳಿಗೇ ಕಂದು ಬಣ್ಣಕ್ಕೆ ತಿರುಗುತ್ತದೆ, ಲವಣ ಸೋಸುವ ಒಳಗಿನ ಮೆಂಬ್ರೇನ್ ಒಂದೂವರೆ ವರ್ಷ ಬಂದರೆ ದೊಡ್ಡದು. ಹಾಗಾಗಿ ಕೆಲಸಕ್ಕೆ ಕೊರತೆ ಇಲ್ಲ.

ಸಮಸ್ಯೆ ಏನೆಂದರೆ, ಈ 150ರಲ್ಲಿ 90 ಮನೆಯವರು 2020ಕ್ಕಿಂತ ಮೊದಲು ಬಂದವರು. ಅವರಿಗೆ 2019ರಲ್ಲಿ ವರ್ಷಕ್ಕೆ 2,800 ಅಂತ ಹೇಳಿದ್ದೆ, ಕ್ಯಾಂಡಲ್, ಕಾರ್ಬನ್ ಫಿಲ್ಟರ್, ಮೆಂಬ್ರೇನ್, ಪಂಪು ಎಲ್ಲ ಸೇರಿ. ಇವತ್ತಿಗೂ ಅದೇ 2,800. ಕೊರೊನಾ ಬಂತು, ಆಗ ಕೇಳಲು ಮನಸ್ಸಾಗಲಿಲ್ಲ. ಆಮೇಲೆ ಮುಂದಿನ ವರ್ಷ ನೋಡೋಣ, ಮುಂದಿನ ವರ್ಷ ನೋಡೋಣ ಅಂತ ಹೀಗೇ ಉಳಿಯಿತು. ಹೊಸದಾಗಿ ಬಂದ 60 ಮನೆಗೆ 3,600 ಹೇಳಿದೆ, ಅವರು ಮರುಮಾತಿಲ್ಲದೆ ಕೊಟ್ಟರು.

ಹೋದ ವಾರ ಒಂದೇ ಗಲ್ಲಿಯ ಎರಡು ಮನೆಗೆ ಸರ್ವಿಸ್‌ಗೆ ಹೋಗಿದ್ದೆ, ಒಂದು ಹಳೇ ಗಿರಾಕಿ, ಒಂದು ಹೊಸಬರು. ಹೊಸ ಮನೆಯ ಅಮ್ಮ ನೇರವಾಗಿ ಕೇಳಿದರು, "ಬಾಜೂ ಮನಿಯವ್ರಿಗೆ 2,800, ನಮ್ಗ 3,600 ಯಾಕ್ರೀ? ಅವ್ರ ಮಷೀನ್ ಬ್ಯಾರೆ ಐತೇನು?" ಬೇರೆ ಇಲ್ಲ. ಎರಡೂ ಮನೆಗೆ ನಾನೇ ಕೂರಿಸಿದ ಒಂದೇ ಮಾಡೆಲ್ ಮಷೀನ್. ನನ್ನ ಹತ್ತಿರ ಉತ್ತರ ಇರಲಿಲ್ಲ, ಫೋನ್ ಬಂತು ಅಂತ ಹೊರಗೆ ಬಂದುಬಿಟ್ಟೆ. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದೇ ವಾರ ಹುಡುಗನೂ ಕೇಳಿದ, ಮನೆಯಲ್ಲಿ ಮಗು ಹುಟ್ಟಿದೆ, 12,000 ಸಾಲುತ್ತಿಲ್ಲ, 14,000 ಮಾಡಿ ಅಣ್ಣಾ ಅಂತ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ.

ಆದರೆ ಹಳೇ 90 ಮನೆ ಅಂದರೆ ಸುಮ್ನೆ ಗಿರಾಕಿಗಳಲ್ಲ. ಮೊದಲನೇ ಮನೆ ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರದು. ನಾನು ಯಾರು ಏನು ಅಂತ ಊರಿಗೆ ಗೊತ್ತಿಲ್ಲದಾಗ ಅವರೇ 11 ಮನೆ ಹಿಡಿದುಕೊಟ್ಟರು. ಹೋದರೆ ಚಹಾ ಕುಡಿಯದೆ ಬಿಡುವುದಿಲ್ಲ. ಅಂಥವರ ಮುಂದೆ ನಿಂತು ಇನ್ನು ಮೇಲೆ ಇಷ್ಟು ಜಾಸ್ತಿ ಕೊಡಿ ಅಂತ ಹೇಳೋದು ಹೇಗೆ? ಎಷ್ಟು ಏರಿಸಬೇಕು, ಒಮ್ಮೆಗೇನಾ, ಸ್ವಲ್ಪ ಸ್ವಲ್ಪವಾ? ವಾಟ್ಸಾಪ್‌ನಲ್ಲಿ ಹಾಕಿದರೆ ನಡೆಯುತ್ತಾ, ಮುಖ ನೋಡಿಯೇ ಹೇಳಬೇಕಾ? ಇದನ್ನು ಮಾಡಿ ನೋಡಿದವರು ಹೇಳಿ.


ರಾಯಚೂರು_ಮೆಸ್_ಅಕ್ಕ

ತಮ್ಮಾ, ನಾನು ರಾಯಚೂರಿನಲ್ಲಿ ಮೆಸ್ ನಡೆಸುತ್ತೇನೆ, ಡಬ್ಬಿ ಕಳಿಸುವುದೂ ಇದೆ. ರೊಟ್ಟಿ, ಎರಡು ಪಲ್ಯ, ಅನ್ನ, ಸಾರು. 12 ವರ್ಷ ಆಯಿತು. ನಿನ್ನ ಸಂಕಟ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಮೊದಲ ನಾಲ್ಕು ವರ್ಷ ನಾನೂ ಇದನ್ನೇ ಮಾಡಿದೆ. ರೇಟ್ ಮುಟ್ಟಲೇ ಇಲ್ಲ. ಐದನೇ ವರ್ಷ ಗ್ಯಾಸು, ಜೋಳ, ಎಣ್ಣೆ ಎಲ್ಲ ಒಟ್ಟಿಗೆ ಮೈಮೇಲೆ ಬಂದವು, ತಡೆಯಲಾಗದೆ ತಿಂಗಳ ರೇಟನ್ನು ಒಂದೇ ಸಲಕ್ಕೆ 500 ಏರಿಸಿದೆ. 38 ಡಬ್ಬಿ ಹೋಗುತ್ತಿದ್ದದ್ದು ಒಂದೇ ವಾರಕ್ಕೆ 25ಕ್ಕೆ ಇಳಿಯಿತು. ಬಿಟ್ಟವರಲ್ಲಿ ಒಬ್ಬ ಬ್ಯಾಂಕ್ ಹುಡುಗ ಇದ್ದ, ದುಡ್ಡಿಗೇನೂ ತೊಂದರೆ ಇಲ್ಲದವನು. ಹೋಗುವಾಗ ಅವನು ಹೇಳಿದ್ದು ಇವತ್ತಿಗೂ ನೆನಪಿದೆ. "ಅಕ್ಕಾರ, 500 ದೊಡ್ಡದಲ್ಲ. ನಾಕು ವರ್ಷ ಒಂದ್ ಮಾತ ಆಡ್ಲಿಲ್ಲ, ನಿನ್ನೆ ಹೇಳಿ ಇವತ್ತ ಕೊಡು ಅಂದ್ರಿ, ಅದು ಸರಿ ಅನ್ನಿಸ್ಲಿಲ್ಲ."

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ರೇಟ್ ಬದಲಾಗುವುದು ಯುಗಾದಿಗೆ ಮಾತ್ರ, ವರ್ಷದ ನಡುವೆ ಈರುಳ್ಳಿ ನೂರು ರೂಪಾಯಿ ಆದರೂ ಮುಟ್ಟುವುದಿಲ್ಲ. ಶಿವರಾತ್ರಿ ಹೊತ್ತಿಗೆ ಡಬ್ಬಿ ಮುಚ್ಚಳದ ಒಳಗೆ ಒಂದು ಚೀಟಿ ಇಡುತ್ತೇನೆ, ಯುಗಾದಿಯಿಂದ ತಿಂಗಳಿಗೆ ಇಷ್ಟು ಅಂತ. ಸಾಮಾನ್ಯವಾಗಿ 100, ಒಂದೊಂದು ವರ್ಷ 150. ಒಂದು ವರ್ಷ ಏರಿಸಲೇ ಇಲ್ಲ. ಆಗಲೂ ಚೀಟಿ ಇಟ್ಟೆ, ಈ ವರ್ಷ ಅದೇ ರೇಟು ಅಂತ. ಅವತ್ತು ಮೂರು ಡಬ್ಬಿ ವಾಪಸ್ ಬರುವಾಗ ಒಳಗೆ ಥ್ಯಾಂಕ್ಸ್ ಅಂತ ಚೀಟಿ ಇತ್ತು. ಈಗ ಜನರೇ ಕೇಳುತ್ತಾರೆ, ಅಕ್ಕಾರ ಈ ಯುಗಾದಿಗೆ ಎಷ್ಟು ಅಂತ. ಜಗಳ ಇಲ್ಲ.

ನಿನ್ನದು ಆರು ವರ್ಷದ ಗಂಟು, ಅದನ್ನು ಬಿಚ್ಚುವುದು ಸ್ವಲ್ಪ ಕಷ್ಟವೇ. ಎಷ್ಟು ಏರಿಸಬೇಕು ಅಂತ ಕೇಳುವ ಮೊದಲು ಒಂದು ಹೇಳು, ಒಂದು ಮನೆಗೆ ವರ್ಷಕ್ಕೆ ನಿನ್ನ ಕೈಯಿಂದ ಎಷ್ಟು ಖರ್ಚಾಗುತ್ತದೆ ಅಂತ ಎಂದಾದರೂ ಕೂತು ಬರೆದಿದ್ದೀಯಾ?


ನೀರು_ಫಿಲ್ಟರ್_ಗಂಗಾವತಿ

ಇಲ್ಲ ಅಕ್ಕಾ, ಬರೆದಿರಲಿಲ್ಲ. ನೀವು ಕೇಳಿದ ಮೇಲೆ ನಿನ್ನೆ ರಾತ್ರಿ ಹೆಂಡತಿ ಜೊತೆ ಕೂತು ಬಿಲ್ ಬುಕ್ ತೆಗೆದು ಬರೆದೆ. ಒಂದು ಮನೆಗೆ ವರ್ಷಕ್ಕೆ ಹೊರಗಿನ ಕ್ಯಾಂಡಲ್ ನಾಲ್ಕು, 60ರಂತೆ 240. ಒಳಗಿನ ಸೆಡಿಮೆಂಟ್, ಕಾರ್ಬನ್ ಸೆಟ್ 450. ಮೆಂಬ್ರೇನ್ 1,100, ಅದು ಒಂದೂವರೆ ವರ್ಷಕ್ಕೊಮ್ಮೆ, ಹಾಗಾಗಿ ವರ್ಷಕ್ಕೆ 730 ಅಂತ ಹಿಡಿದೆವು. ಪಂಪು, ಅಡಾಪ್ಟರ್, ನಲ್ಲಿ, ಪೈಪು ಇಂಥದ್ದು ಎಲ್ಲ ಮನೆಗೂ ಸೇರಿಸಿ ಹಂಚಿದರೆ 150. ಪೆಟ್ರೋಲ್ 125. ಹುಡುಗನ ಸಂಬಳ ತಿಂಗಳಿಗೆ 12,000.

ಇನ್ನೊಂದು ವಿಷಯ ಬರೆಯುವಾಗ ಕಣ್ಣಿಗೆ ಬಿತ್ತು. ಒಂದು ಅಕ್ಕಿ ಮಿಲ್ ಆಫೀಸು, ಸಾಣಾಪುರದ ಕಡೆ ಒಂದು ಹೋಮ್‌ಸ್ಟೇ, ಇವೆರಡೂ 2,800ರಲ್ಲೇ ಇವೆ. ಮನೆ ಮಷೀನ್, ಆದರೆ ಮಿಲ್‌ನಲ್ಲಿ ದಿನಕ್ಕೆ 40 ಜನ ಕುಡಿಯುತ್ತಾರೆ. ಹೋದ ವರ್ಷ ಅಲ್ಲಿಗೆ ಎರಡು ಮೆಂಬ್ರೇನ್ ಹಾಕಿದ್ದೇನೆ.


ಕೊಪ್ಪಳ_ಲೆಕ್ಕದ_ಪುಸ್ತಕ

ನಾನು ಕೊಪ್ಪಳದಲ್ಲಿ ಸಣ್ಣ ಅಂಗಡಿ, ಗ್ಯಾರೇಜು, ಹೋಟೆಲುಗಳ ಲೆಕ್ಕ ಬರೆಯುವವನು. ನಿಮ್ಮ ಅಂಕಿಯನ್ನೇ ಕೂಡಿಸಿ ತೋರಿಸುತ್ತೇನೆ.

ಸಾಮಾನು, ಪೆಟ್ರೋಲ್ ಸೇರಿ ಒಂದು ಮನೆಗೆ 1,695. ಸಂಬಳ ವರ್ಷಕ್ಕೆ 1,44,000, 150 ಮನೆಗೆ ಹಂಚಿದರೆ ಒಂದು ಮನೆಗೆ 960. ಒಟ್ಟು 2,655. ಹಳೇ ಮನೆಯಿಂದ ಬರುವುದು 2,800. ಉಳಿಯುವುದು 145 ರೂಪಾಯಿ. 90 ಮನೆಗೆ 13,050, ಅದೂ ಇಡೀ ವರ್ಷಕ್ಕೆ. ತಿಂಗಳಿಗೆ 1,100 ಕೂಡ ಬೀಳಲಿಲ್ಲ. ಇದರಲ್ಲಿ ನಿಮ್ಮ ದುಡಿಮೆಗೆ ಒಂದು ಪೈಸೆ ಹಿಡಿದಿಲ್ಲ, ಬೈಕ್ ರಿಪೇರಿ ಇಲ್ಲ, ಫೋನ್ ಇಲ್ಲ. ಹುಡುಗನಿಗೆ 14,000 ಮಾಡಿದಿರಿ ಅನ್ನಿ, ಮನೆಗೆ ಖರ್ಚು 2,815ಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಒಂದೊಂದು ಹಳೇ ಮನೆಗೂ ವರ್ಷಕ್ಕೆ 15 ರೂಪಾಯಿ ನೀವೇ ಕೈಯಿಂದ ಹಾಕಿ ನೀರು ಕುಡಿಸಿದ ಹಾಗೆ. ಹೊಸ 60 ಮನೆಯವರು ಕೊಡುವ ದುಡ್ಡಿನ ಮೇಲೆ ಹಳೇ 90 ಮನೆ ನಡೆಯುತ್ತಿದೆ. ಆ ಅಮ್ಮ ಕೇಳಿದ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ.

ಈಗ ಭಯದ ವಿಷಯ, ಜನ ಬಿಟ್ಟು ಹೋಗುತ್ತಾರೆ ಅನ್ನುವುದು. ಅದನ್ನೂ ಲೆಕ್ಕ ಹಾಕಬಹುದು, ಆದರೆ ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಗಿರಾಕಿ ಬಿಟ್ಟರೆ ಅವರ ಸಾಮಾನಿನ ಖರ್ಚು ನಿಲ್ಲುತ್ತದೆ, ಹುಡುಗನ ಸಂಬಳ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ 1,695 ಮಾತ್ರ ಹಿಡಿಯಬೇಕು. ಈಗ ಹಳೇ ಮನೆಯೊಂದರಿಂದ ಸಾಮಾನು ಕಳೆದು 1,105 ಬರುತ್ತದೆ, 90 ಮನೆಗೆ 99,450. ನೀವು 3,400 ಮಾಡಿದರೆ ಒಂದು ಮನೆಯಿಂದ 1,705. ಅದೇ 99,450 ಬರಬೇಕಾದರೆ 59 ಮನೆ ಸಾಕು. ಅಂದರೆ 90ರಲ್ಲಿ 31 ಮನೆ ಬಿಟ್ಟು ಹೋದರೂ ನಿಮ್ಮ ಕೈಗೆ ಈಗಿನಷ್ಟೇ ದುಡ್ಡು ಬರುತ್ತದೆ, ಮತ್ತೆ 31 ಮನೆಯ ಓಡಾಟ ಉಳಿಯುತ್ತದೆ. ಮೂರರಲ್ಲಿ ಒಂದು ಮನೆ ಬಿಡುತ್ತದೆ ಅಂತ ನಿಮಗೆ ಅನ್ನಿಸುತ್ತದೆಯೇ? ನನಗೆ ಅನ್ನಿಸುವುದಿಲ್ಲ.

ಎಷ್ಟು ಏರಿಸಿದರೆ ನ್ಯಾಯ ಅಂತ ಕೇಳಿದರೆ, 2019ರ 2,800ಕ್ಕೆ ವರ್ಷಕ್ಕೆ ಸುಮ್ನೆ 5% ಸೇರಿಸುತ್ತಾ ಬಂದಿದ್ದರೂ ಆರು ವರ್ಷಕ್ಕೆ 3,750 ದಾಟುತ್ತಿತ್ತು. ಸರ್ಕಾರಿ ಬಸ್ಸಿನವರು 2020ರ ಫೆಬ್ರವರಿಯಲ್ಲಿ ಏರಿಸಿದವರು ಆಮೇಲೆ ಸುಮಾರು ಐದು ವರ್ಷ ಸುಮ್ಮನಿದ್ದು 2025ರ ಜನವರಿಯಲ್ಲಿ ಒಂದೇ ಏಟಿಗೆ 15% ಏರಿಸಿದರು. ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ. ತಡ ಮಾಡಿದಷ್ಟೂ ಏಟು ಜೋರಾಗಿರುತ್ತದೆ.

ಎರಡು ಮಾತು ಮರೆಯಬೇಡಿ. ಯಾರು ಈಗಾಗಲೇ ವರ್ಷದ ದುಡ್ಡು ಕೊಟ್ಟಿದ್ದಾರೋ ಅವರ ಅವಧಿ ಮುಗಿಯುವವರೆಗೆ ಒಂದು ರೂಪಾಯಿ ಕೇಳಬಾರದು, ರಿನ್ಯೂವಲ್ ದಿನದಿಂದಲೇ ಹೊಸ ರೇಟು. ಇನ್ನೊಂದು, ಜಿಎಸ್‌ಟಿ ಬಂತು ಅದಕ್ಕೇ ಏರಿಸಿದೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಸರ್ವಿಸ್ ಕೆಲಸದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟದೆ ಇದ್ದರೆ ನೋಂದಣಿ ಕಡ್ಡಾಯವಿಲ್ಲ, ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗೇ ಇಲ್ಲ. ನಿಜವಾದ ಕಾರಣ ಇದೆಯಲ್ಲ, ಅದನ್ನೇ ಹೇಳಿ. ಅಕ್ಕಿ ಮಿಲ್ಲು, ಹೋಮ್‌ಸ್ಟೇ ಮನೆ ರೇಟಿನಲ್ಲಿ ಇರಲೇಬಾರದು, ಅವೆರಡನ್ನೂ ನಾಳೆಯೇ ಬೇರೆ ಪುಟಕ್ಕೆ ಬರೆಯಿರಿ.


ಕಾರಟಗಿ_ಮೋಟರ್_ವೈಂಡಿಂಗ್

ಲೆಕ್ಕದವರು ಹೇಳಿದ್ದು ಲೆಕ್ಕದ ಮಟ್ಟಿಗೆ ಸರಿ. ಆದರೆ ನನಗೆ ಒಪ್ಪಿಗೆ ಇಲ್ಲದ ಒಂದು ಮಾತಿದೆ. 31 ಮನೆ ಹೋದರೂ ನಡೆಯುತ್ತದೆ ಅಂತ ಅವರು ಬರೆದರು. ಗಂಗಾವತಿಯಲ್ಲಿ 31 ಮನೆ ಬೇಜಾರಾಗಿ ಹೋದರೆ ಅವರು ಮೂಲೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಮದುವೆ, ಸಂತೆ, ಗುಡಿ, ಎಲ್ಲಾ ಕಡೆ ಆ ಮಾತು ಬರುತ್ತದೆ. ನಿನಗೆ ಒಬ್ಬ ಮೇಷ್ಟ್ರು 11 ಮನೆ ತಂದುಕೊಟ್ಟ ಹಾಗೇ, ಒಬ್ಬರು ಮುನಿಸಿಕೊಂಡರೆ 11 ಮನೆ ಕಳೆಯಲೂ ಸಾಕು. ಅದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ನಾನು ಕಾರಟಗಿಯಲ್ಲಿ 26 ವರ್ಷದಿಂದ ಮೋಟರ್ ಸುತ್ತುತ್ತಿದ್ದೇನೆ. ನನ್ನ ಗಿರಾಕಿ ಎಲ್ಲ ರೈತರು. ಮೊದಲ ದಿನ ನನ್ನ ಮೇಲೆ ನಂಬಿಕೆ ಇಟ್ಟು ಮೋಟರ್ ತಂದವರಿಗೆ ನಾನು ಕೂಲಿ ಏರಿಸುವುದು ಎಲ್ಲರಿಗಿಂತ ಕೊನೆಗೆ. ತಾಮ್ರದ ತಂತಿಯ ದರ ಏರಿದರೆ ಅದನ್ನು ಎಲ್ಲರಿಗೂ ಹಾಕುತ್ತೇನೆ, ತೂಕ ಮಾಡಿ ಕಣ್ಣೆದುರಿಗೇ ತೋರಿಸುತ್ತೇನೆ, ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ. ಸಾಮಾನು ಬೇರೆ, ಕೂಲಿ ಬೇರೆ ಮಾಡಿ ಇಟ್ಟರೆ ಈ ತೊಂದರೆ ಅರ್ಧ ಕಡಿಮೆ. ಎಲ್ಲಾ ಸೇರಿಸಿ 2,800 ಅಂತ ಒಂದೇ ಅಂಕಿ ಹೇಳಿದ್ದೇ ನೀನು ಮಾಡಿದ ತಪ್ಪು ತಮ್ಮಾ.

ಮತ್ತೆ ಹೊತ್ತು ನೋಡಿ ಕೇಳು. ಏಪ್ರಿಲ್, ಮೇ ಬಿಸಿಲಿನಲ್ಲಿ ಫಿಲ್ಟರ್ ಕೆಟ್ಟು ಮನೆಯವರು ಒದ್ದಾಡುವಾಗ ರೇಟ್ ಜಾಸ್ತಿ ಅಂದರೆ, ನೀನು ಎಷ್ಟೇ ನ್ಯಾಯವಾಗಿ ಕೇಳಿದರೂ ಕುತ್ತಿಗೆ ಹಿಡಿದ ಹಾಗೆ ಕಾಣುತ್ತದೆ. ನಮ್ಮ ಕಡೆ ನವೆಂಬರ್, ಡಿಸೆಂಬರಿನಲ್ಲಿ ಭತ್ತ ಕೊಯ್ಲಾಗಿ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಕೇಳುವುದಾದರೆ ಈಗಲೇ ಕೇಳು.


ಸಿಂಧನೂರು_ಮನೆಯವರು

ನಾನು ಗಿರಾಕಿ ಕಡೆಯಿಂದ ಹೇಳುತ್ತೇನೆ, ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ದಯವಿಟ್ಟು ಓದಿ.

ನಮ್ಮ ಮನೆಗೂ ಒಬ್ಬರು ಎಎಂಸಿ ಮಾಡುತ್ತಿದ್ದರು. ಐದು ವರ್ಷ ಒಂದು ರೂಪಾಯಿ ಏರಿಸಲಿಲ್ಲ. ನಾವು ಎಷ್ಟು ಒಳ್ಳೆಯ ಮನುಷ್ಯ ಅಂತ ಎಲ್ಲರಿಗೂ ಹೇಳುತ್ತಿದ್ದೆವು. ಹೋದ ವರ್ಷ ನನ್ನ ತಮ್ಮ ಬೆಂಗಳೂರಿನಿಂದ ಬರುವಾಗ ಒಂದು ಟಿಡಿಎಸ್ ಮೀಟರ್ ತಂದಿದ್ದ, ಸುಮ್ನೆ ಫಿಲ್ಟರ್ ನೀರಿಗೆ ಅದ್ದಿದ. ಮಷೀನ್ ಹೊಸದಿದ್ದಾಗ 70, 80 ಇದ್ದದ್ದು 460 ತೋರಿಸಿತು. ಬೇರೆ ಮೆಕ್ಯಾನಿಕ್ ಕರೆಸಿ ಬಿಚ್ಚಿಸಿದೆವು. ಕಾರ್ಬನ್ ಎರಡು ವರ್ಷದಿಂದ ಬದಲಾಗಿಲ್ಲ, ಮೆಂಬ್ರೇನ್ ಯಾವತ್ತೋ ಹೋಗಿದೆ. ಪ್ರತಿ ಸಲ ಬಂದು ಹೊರಗಿನ ಕ್ಯಾಂಡಲ್ ಮಾತ್ರ ಹಾಕಿ, ಸ್ಟಿಕರ್ ಮೇಲೆ ತಾರೀಕು ಬರೆದು ಹೋಗುತ್ತಿದ್ದರು. ನಮ್ಮದು ಬೋರ್ ನೀರು. ಕೊಪ್ಪಳ, ರಾಯಚೂರು ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಕುಡಿಯುವವರಿಗೆ ಗೊತ್ತಾಗುವುದೇ ಇಲ್ಲ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಪ್ರಕಾರ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ಅದರ ಮೇಲೆ ಹೋದರೆ ಮೊದಲು ಮಕ್ಕಳ ಹಲ್ಲು ಕಂದಾಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ. ಟಿಡಿಎಸ್ ಮೀಟರ್ ಫ್ಲೋರೈಡ್ ಎಷ್ಟಿದೆ ಅಂತ ಹೇಳುವುದಿಲ್ಲ, ಆದರೆ ಮೆಂಬ್ರೇನ್ ಕೆಲಸ ನಿಲ್ಲಿಸಿದೆ ಅಂತ ಹೇಳುತ್ತದೆ. ನನ್ನ ಮಗಳಿಗೆ 6 ವರ್ಷ. ಅವಳು ಕುಡಿದ ನೀರು ಅದು.

ಆ ಮನುಷ್ಯನನ್ನು ಕೇಳಿದಾಗ ಅವರು ಹೇಳಿದ್ದು ಒಂದೇ, ನೀವು ಕೊಡೋ ದುಡ್ಡಿಗೆ ಮೆಂಬ್ರೇನ್ ಹಾಕಕ್ಕೆ ಆಗ್ತಿರಲಿಲ್ಲ ಸಾರ್ ಅಂತ. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. 1,000 ರೂಪಾಯಿ ಜಾಸ್ತಿ ಕೇಳಿದ್ದರೆ ಕೊಡುತ್ತಿದ್ದೆವು. ಕೇಳಲಿಲ್ಲ. ಕೇಳಲು ಸಂಕೋಚಪಟ್ಟು ಕಾರ್ಬನ್ ಬದಲಿಸುವುದನ್ನು ಬಿಟ್ಟರು.

ಗಂಗಾವತಿ ಅಣ್ಣಾ, ನೀವು ಹಾಗೆ ಮಾಡುವವರಲ್ಲ ಅಂತ ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ. ಆದರೆ 15 ರೂಪಾಯಿ ಕೈಯಿಂದ ಹಾಕುತ್ತಾ ಎಷ್ಟು ವರ್ಷ ಹೀಗೇ ಇರಲು ಆಗುತ್ತದೆ? ಒಂದು ದಿನ ಯಾರಿಗಾದರೂ ಕೈ ಹಿಡಿತ ಬಂದೇ ಬರುತ್ತದೆ. ಆದ್ದರಿಂದ ಕೇಳಿ, ಧೈರ್ಯವಾಗಿ ಕೇಳಿ. ಕೇಳುವಾಗ ಬಿಚ್ಚಿದ ಹಳೇ ಕಾರ್ಬನ್ ತೋರಿಸಿ, ಮೀಟರ್ ಅದ್ದಿ ಮೊದಲು ಎಷ್ಟಿತ್ತು ಈಗ ಎಷ್ಟು ಅಂತ ತೋರಿಸಿ.

ಇನ್ನೊಂದು ಮಾತು. ರೇಟ್ ಜಾಸ್ತಿ ಅಂತ ಹೇಳುವ ಸಂಕೋಚಕ್ಕೆ ಏನಾದರೂ ಫ್ರೀ ಕೊಟ್ಟು ಮುಚ್ಚಬೇಡಿ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಎಂಎಲ್ ಹಾಲು ಜಾಸ್ತಿ ಹಾಕಿ 2 ರೂಪಾಯಿ ಏರಿಸಿದರು. ನಮ್ಮ ಮನೆಯಲ್ಲಿ ಯಾರಿಗೂ ಆ 50 ಎಂಎಲ್ ಬೇಕಿರಲಿಲ್ಲ, ಎಲ್ಲರಿಗೂ ಕಂಡದ್ದು 2 ರೂಪಾಯಿಯೇ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತು, ಆ 50 ಎಂಎಲ್ ಕೂಡ ಹೋಯಿತು. ರೈತರಿಗೆ ದುಡ್ಡು ಹೋಗಲಿ, ಅದಕ್ಕೆ ನನ್ನದೇನೂ ತಕರಾರಿಲ್ಲ, ಆದರೆ ಮೊದಲೇ ನೇರವಾಗಿ ಏರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು.


ಬಳ್ಳಾರಿ_ಕಾಜಾ_ಬಟನ್

ಬಳ್ಳಾರಿಯಲ್ಲಿ ಜೀನ್ಸ್‌ಗೆ ಕಾಜಾ, ಬಟನ್ ಜಾಬ್ ವರ್ಕ್ ಮಾಡುತ್ತೇವೆ, ನಾನು ನಮ್ಮ ಮನೆಯವರು ಸೇರಿ, ನಾಲ್ಕು ಮಷೀನ್. ನಮ್ಮ ಗಿರಾಕಿಗಳು ಮನೆಯವರಲ್ಲ, ಪ್ಯಾಂಟ್ ಹೊಲಿಸುವ ಮಾಲೀಕರು, ಲೆಕ್ಕ ಪೀಸಿಗೆ ಇಷ್ಟು ಅಂತ. ಹಾಗಾಗಿ ನಿಮ್ಮದಕ್ಕೆ ಪೂರ್ತಿ ಹೊಂದುವುದಿಲ್ಲ. ಆದರೆ ಹೇಳುವ ಬಗೆ ಬಗ್ಗೆ ನಾನು ಪೆಟ್ಟು ತಿಂದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಪೀಸಿಗೆ 50 ಪೈಸೆ ಏರಿಸಿದೆವು. ಒಬ್ಬರಿಗೆ ಅಂಗಡಿಗೆ ಬಂದಾಗ ಹೇಳಿದೆ, ಒಬ್ಬರಿಗೆ ಫೋನಿನಲ್ಲಿ, ಇನ್ನೊಬ್ಬರಿಗೆ ಬಿಲ್ ಕಳಿಸುವಾಗ ಹೇಳಿದರಾಯಿತು ಅಂತ ಬಿಟ್ಟೆ. ಆ ಇನ್ನೊಬ್ಬರು ನಮ್ಮ ಜೊತೆ ಮೊದಲಿನಿಂದ ಇದ್ದವರು, ಕೊರೊನಾ ಸಮಯದಲ್ಲಿ ಕೆಲಸ ಇಲ್ಲದಾಗ ಅಡ್ವಾನ್ಸ್ ಕೊಟ್ಟು ನಮ್ಮನ್ನು ಉಳಿಸಿದವರು. ಅವರಿಗೆ ವಿಷಯ ಗೊತ್ತಾಗಿದ್ದು ಬೇರೆ ಮಾಲೀಕರ ಬಾಯಿಂದ, ಯಾವುದೋ ಚಹಾ ಅಂಗಡಿಯಲ್ಲಿ. ಅವರು 50 ಪೈಸೆ ಬಗ್ಗೆ ಮಾತೇ ಆಡಲಿಲ್ಲ. ಇದ್ದ ಬಾಕಿಯನ್ನೆಲ್ಲ ಆ ದಿನವೇ ಚುಕ್ತಾ ಮಾಡಿ, ಮಾಲು ಎತ್ತಿಕೊಂಡು ಹೋದರು. ಮನೆಗೆ ಹೋಗಿ ಕೈ ಮುಗಿದರೂ ಬರಲಿಲ್ಲ. "ನಿನ್ ಬಾಯಾಗ ಕೇಳಿದ್ರ ಒಂದ್ ರೂಪಾಯಿ ಕೊಡ್ತಿದ್ದೆನಮ್ಮಾ" ಅಂದರು. ಇವತ್ತಿಗೂ ದಾರಿಯಲ್ಲಿ ಕಂಡರೆ ನನಗೆ ತಲೆ ಎತ್ತಲು ಆಗುವುದಿಲ್ಲ.

ಹಾಗಾಗಿ ಅಣ್ಣಾ, ವಾಟ್ಸಾಪ್‌ನಲ್ಲಿ ಹಾಕಿ, ಬೇಡ ಅನ್ನುವುದಿಲ್ಲ, 90 ಮನೆಗೆ ಹೋಗಿ ಕೂರಲು ಆಗುವುದಿಲ್ಲ. ಆದರೆ ಮೊದಲ ಹತ್ತು ಹನ್ನೆರಡು ಮನೆ ಇರುತ್ತವಲ್ಲ, ಮೇಷ್ಟ್ರ ಮನೆ ಥರದ್ದು, ಅವರಿಗೆ ಮೆಸೇಜ್ ಹೋಗುವ ಮೊದಲು ನೀವು ಹೋಗಿ. ಅವರು ಬೇರೆಯವರಿಂದ ಕೇಳಬಾರದು. ಮತ್ತೆ ಕಾರಟಗಿ ಹಿರಿಯರು ಹೇಳಿದ ಹಾಗೆ ಹಳಬರಿಗೆ ಕೊನೆಗೆ ಏರಿಸುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಆದರೆ ಹೇಳುವುದು ಮಾತ್ರ ಮೊದಲು ಅವರಿಗೇ.


ರಾಯಚೂರು_ಮೆಸ್_ಅಕ್ಕ

ಬಳ್ಳಾರಿಯವರು ಬರೆದದ್ದು ಓದಿ ಕಣ್ಣಲ್ಲಿ ನೀರು ಬಂತು. ತಮ್ಮಾ, ಒಮ್ಮೆಗೇ 800 ಬೇಡ. ಎರಡು ಸಲ ಮಾಡು, ಆದರೆ ಎರಡನ್ನೂ ಇವತ್ತೇ ಹೇಳಿಬಿಡು. ಮುಂದಿನ ವರ್ಷದ್ದನ್ನು ಬಚ್ಚಿಟ್ಟುಕೊಂಡು ಆಗ ಮತ್ತೆ ಹೋಗಿ ನಿಂತರೆ, ಇವನು ಪ್ರತಿ ವರ್ಷ ಹೀಗೇ ಅಂತಾರೆ.


ನೀರು_ಫಿಲ್ಟರ್_ಗಂಗಾವತಿ

ನಾಲ್ಕು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಹಳೇ ಮನೆಗೆ ಈ ರಿನ್ಯೂವಲ್‌ನಿಂದ 3,200, ಮುಂದಿನ ವರ್ಷದಿಂದ 3,600, ಹೊಸಬರಿಗೆ ಎಷ್ಟೋ ಅಷ್ಟೇ. ಅಕ್ಕ ಹೇಳಿದ ಹಾಗೆ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದೆ. ಕಾರಟಗಿ ಅಣ್ಣಾರು ಹೇಳಿದ್ದನ್ನೂ ಬಿಡಲಿಲ್ಲ, ಮೆಂಬ್ರೇನ್, ಪಂಪು ಸೇರದ ಇನ್ನೊಂದು ರೇಟ್ ಮಾಡಿದೆ, 2,200. ಕ್ಯಾಂಡಲ್, ಕಾರ್ಬನ್, ನನ್ನ ಓಡಾಟ ಅದರಲ್ಲಿ, ಮೆಂಬ್ರೇನ್ ಹೋದಾಗ ಸಾಮಾನಿನ ಬಿಲ್ ತೋರಿಸಿ ಅಷ್ಟೇ ತೆಗೆದುಕೊಳ್ಳುತ್ತೇನೆ. ಹುಡುಗನಿಗೆ ಈ ತಿಂಗಳಿಂದ 14,000 ಮಾಡಿದೆ. ಅದನ್ನು ಚೀಟಿಯಲ್ಲೂ ಬರೆದೆ, ಹುಡುಗನ ಸಂಬಳ, ಸಾಮಾನಿನ ರೇಟು ಏರಿದೆ, ಆರು ವರ್ಷದಿಂದ ನಾನು ಏರಿಸಿರಲಿಲ್ಲ ಅಂತ. ಬೇರೆ ಯಾವ ಕಾರಣವನ್ನೂ ಬರೆಯಲಿಲ್ಲ.

ಡಿಸೆಂಬರಿನಲ್ಲಿ ರಿನ್ಯೂವಲ್ ಇದ್ದದ್ದು 14 ಮನೆ. 9 ಮನೆಗೆ ನಾನೇ ಹೋದೆ. 5 ಮನೆಯವರು ಊರಲ್ಲಿರಲಿಲ್ಲ, ಅವರಿಗೆ ಫೋನ್ ಮಾಡಿದೆ. 10 ಮನೆಯವರು 3,200 ಕೊಟ್ಟರು. ಇಬ್ಬರು 2,200ರದ್ದು ಸಾಕು ಅಂದರು, ಅದರಲ್ಲಿ ಒಬ್ಬರು ಹೊಲಿಗೆ ಮಾಡಿ ಮನೆ ನಡೆಸುವ ಅಕ್ಕ, ಮೊದಲು ಸುಮ್ಮನಾಗಿಬಿಟ್ಟಿದ್ದರು, ಸಣ್ಣ ರೇಟ್ ಹೇಳಿದ ಮೇಲೆ ಮುಖ ಅರಳಿತು. ಒಬ್ಬರು ಸಂಕ್ರಾಂತಿ ಆದ ಮೇಲೆ ಹೇಳುತ್ತೇನೆ ಅಂದಿದ್ದಾರೆ. ಒಬ್ಬರು ಬಿಟ್ಟರು, ಅದು ಅಕ್ಕಿ ಮಿಲ್. ಅವರಿಗೆ ದೊಡ್ಡ ಮಷೀನ್ ಹಾಕಿಸಿಕೊಳ್ಳಿ, ಇಲ್ಲವೆಂದರೆ ವರ್ಷಕ್ಕೆ 6,500 ಆಗುತ್ತದೆ ಅಂದೆ. ಬೇರೆಯವರು 3,000ಕ್ಕೆ ಮಾಡುತ್ತಾರೆ ಅಂದರು. ಎಂಟು ವರ್ಷದ ಗಿರಾಕಿ, ಬೇಜಾರಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಹೋಮ್‌ಸ್ಟೇಯವರದ್ದು ಫೆಬ್ರವರಿಗೆ ಇದೆ.

ಮೇಷ್ಟ್ರ ಮನೆಗೆ ಎಲ್ಲರಿಗಿಂತ ಮೊದಲು ಹೋದೆ. ಅವರು ಚೀಟಿ ಓದಿ, ದುಡ್ಡಿನ ವ್ಯವಹಾರ ಈಗ ನಾನು ನೋಡೋದಿಲ್ಲಪ್ಪ, ಮಗನಿಗೆ ಹೇಳು ಅಂದರು. ನನಗೆ ಗೊತ್ತೇ ಇರಲಿಲ್ಲ, ಮೂರು ವರ್ಷದಿಂದ ದುಡ್ಡು ಹಾಕುತ್ತಿದ್ದದ್ದು ಬೆಂಗಳೂರಿನಲ್ಲಿರುವ ಮಗ. ಅವರು ಫೋನಿನಲ್ಲಿ 3,200ಕ್ಕೆ ಏನೂ ಅನ್ನಲಿಲ್ಲ. ಆದರೆ ಅಪ್ಪ ಅಮ್ಮ ಇಬ್ಬರೇ ಇರುವ ಮನೆ, ಮಷೀನ್ ಒಳಗೆ ಏನು ಯಾವಾಗ ಬದಲಾಯಿತು ಅಂತ ನನಗೆ ಇಲ್ಲಿಂದ ತಿಳಿಯುವುದಿಲ್ಲ, ಪ್ರತಿ ಸಲ ಫೋಟೋ ತೆಗೆದು ಟಿಡಿಎಸ್ ಸಮೇತ ಕಳಿಸಿ ಅಂದರು. ಸಿಂಧನೂರಿನವರು ಬರೆದದ್ದೇ ನೆನಪಾಯಿತು. ಈಗ ಎಲ್ಲ ಮನೆಗೂ ಒಂದು ಕಾರ್ಡ್ ಮಾಡಿಸಿ ಮಷೀನ್ ಪಕ್ಕ ನೇತುಹಾಕುತ್ತಿದ್ದೇನೆ. ಬಂದ ತಾರೀಕು, ಬದಲಿಸಿದ ಸಾಮಾನು, ಒಳಗೆ ಬರುವ ನೀರಿನ ಟಿಡಿಎಸ್, ಹೊರಗೆ ಬರುವುದರ ಟಿಡಿಎಸ್, ನನ್ನ ಸಹಿ.

ಆ ಅಮ್ಮನ ಮನೆಗೂ ಹೋದೆ, ಪ್ರಶ್ನೆ ಕೇಳಿದವರು. ಅವತ್ತು ಉತ್ತರ ಕೊಡದೆ ಹೋದದ್ದು ತಪ್ಪಾಯಿತು ಅಂದೆ. ಹಳಬರಿಗೆ ಏರಿಸದೆ ಬಿಟ್ಟಿದ್ದು ನನ್ನ ಸಂಕೋಚ, ಮುಂದಿನ ವರ್ಷದಿಂದ ನಿಮಗೂ ಬಾಜೂ ಮನೆಯವರಿಗೂ ಒಂದೇ ರೇಟು, ಅಲ್ಲಿಯವರೆಗೆ ನಿಮ್ಮದು ಏರುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಹಂಗಂತ ಈ ಕಾರ್ಡಿನ ಹಿಂದ ಬರದು ಸೈನ್ ಮಾಡ್ರಿ" ಅಂದರು. ಬರೆದು ಸಹಿ ಮಾಡಿ ಬಂದೆ.